ಒಪ್ಪೊತ್ತು

ಈಗಲೇ ಹೇಳಿಬಿಡುವುದೋ, ಪಗೋಡ ತಲುಪಿದ ಮೇಲೆ ಹೇಳುವುದೋ. ತಲುಪಿದ ಮೇಲೆ ಅಂದರೆ ಯಾವಾಗ, ಚಪ್ಪಲಿ ಬಿಡುವ ಮೊದಲೋ, ಬಿಟ್ಟ ಮೇಲೋ. ಬರಿಗಾಲಲ್ಲಿ ನಿಂತವಳಿಗೆ ಇಂಥ ಮಾತು ಹೇಳಿದರೆ ಅವಳು ಎಲ್ಲಿ ಕುಸಿದು ಕೂರಬೇಕು, ಬಿಸಿಲಿಗೆ ಕಾದ ಆ ಚಪ್ಪಡಿಯ ಮೇಲೋ? ಸೋ ಪೈಂಗನ ಮನಸ್ಸು ಬೆಳಗಿನಿಂದ ಗಾಣದೆತ್ತಿನಂತೆ ಇಷ್ಟನ್ನೇ ಸುತ್ತುತ್ತಿತ್ತು. ಸೈಕಲ್ ರಿಕ್ಷಾದಲ್ಲಿ ಅಕ್ಕ ಮುಂದಕ್ಕೆ ಮುಖ ಮಾಡಿ ಕೂತಿದ್ದಳು, ಅವನು ಹಿಂದಕ್ಕೆ. ಬಗೋ ಊರಿನ ರಿಕ್ಷಾಗಳು ಇರುವುದೇ ಹಾಗೆ. ಸೈಕಲ್ಲಿನ ಪಕ್ಕಕ್ಕೆ ಬಿಗಿದ ಪುಟ್ಟ ಆಸನದಲ್ಲಿ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರಿಗೆ ಬರುವ ದಾರಿ ಕಾಣುತ್ತದೆ, ಇನ್ನೊಬ್ಬರಿಗೆ ಕಳೆದ ದಾರಿ. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಲಾರದು ಎಂದುಕೊಂಡ. ಮುಖ ನೋಡುವ ಕಷ್ಟವಿಲ್ಲ. ಮಾತನ್ನು ರಸ್ತೆಯ ಮೇಲೆ ಬಿಟ್ಟರಾಯಿತು, ಅದು ಹಿಂದೆ ಉಳಿಯುತ್ತದೆ. ಆದರೆ ರಸ್ತೆಯ ಪ್ರತಿ ಕುಳಿಗೂ ಅಕ್ಕನ ಬೆನ್ನುಮೂಳೆ ಅವನ ಬೆನ್ನಿಗೆ ಒತ್ತುತ್ತಿತ್ತು. ಒಂದೊಂದು ಮಣಿಯೂ ಬೇರೆ ಬೇರೆಯಾಗಿ ತಾಗುವಷ್ಟು ಬಡವಾಗಿದ್ದಾಳೆಯೇ ಎಂದು ಅವನು ಸ್ವಲ್ಪ ಮುಂದಕ್ಕೆ ಸರಿದ. ಸರಿದದ್ದು ಅವಳಿಗೆ ಗೊತ್ತಾಯಿತೇನೋ, ಅವಳೂ ಸರಿದು ಅವನಿಗೆ ಜಾಗ ಬಿಟ್ಟಳು.

ಹೇಳಬೇಕಾದ ಮಾತು ಉದ್ದದ್ದೇನಲ್ಲ. ಲಿನ್ ಯೌಂಗ್ ಇಲ್ಲ. ಇಬ್ಬರಿಗೂ ಕಿರಿಯ ತಮ್ಮ, ಥಾಯ್ ಕಡೆಯ ಸಮುದ್ರದಲ್ಲಿ ಮೀನುದೋಣಿಯ ಮೇಲೆ ದುಡಿಯುತ್ತಿದ್ದವನು, ಮಳೆ ಹಿಡಿಯುವ ಮೊದಲೇ ನೀರಿಗೆ ಬಿದ್ದು ಸತ್ತುಹೋಗಿದ್ದಾನೆ. ಅದು ಸೋ ಪೈಂಗನಿಗೆ ಗೊತ್ತು, ಅಕ್ಕ ಮ ಟ್ವೇಗೆ ಗೊತ್ತಿಲ್ಲ. ಮಳೆಗಾಲವಿಡೀ ಗೊತ್ತಿಲ್ಲ. ಇವತ್ತು ಅವಳು ಹೋಗುತ್ತಿರುವುದು ಆ ತಮ್ಮ ಮನೆಗೆ ಬರಲಿ ಎಂದು ನಾಲ್ಕು ಬುದ್ಧರ ಎದುರು ವ್ರತ ಹಿಡಿಯಲು. ದಿನಕ್ಕೆ ಒಪ್ಪೊತ್ತು ಊಟ. ಸೂರ್ಯ ನೆತ್ತಿ ದಾಟಿದ ಮೇಲೆ ನೀರಲ್ಲದೆ ಬೇರೇನೂ ಇಲ್ಲ. ಬುದ್ಧನ ಎದುರು ಬಾಯಿಬಿಟ್ಟು ಆಡಿದ ವ್ರತವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅಕ್ಕನಿಗೆ ಹೊಟ್ಟೆಯಲ್ಲಿ ಹುಣ್ಣು. ಸ್ವಲ್ಪ ಸ್ವಲ್ಪವೇ ಆಗಾಗ ತಿನ್ನುತ್ತಿರಬೇಕೆಂದು ಡಾಕ್ಟರು ಹೇಳಿದಾಗ ಅವನೇ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದ. ಆದ್ದರಿಂದ ಅವಳು ಬಾಯಿ ತೆರೆಯುವ ಮೊದಲು ಅವನು ಬಾಯಿ ತೆರೆಯಬೇಕು. ಅಷ್ಟೇ. ಒಂದು ಸಣ್ಣ ಮಗುವಿಗೂ ಅರ್ಥವಾಗುವ ಮಾತು.

ರಿಕ್ಷಾ ತುಳಿಯುತ್ತಿದ್ದ ಕೋ ಸಾನ್ ದಾರಿಯುದ್ದಕ್ಕೂ ಅಕ್ಕನನ್ನು ರೇಗಿಸುತ್ತಿದ್ದ. ರೈಲ್ವೆ ಸ್ಟೇಷನ್ನಿನ ಎದುರು ಬೆಳಗಿನ ಹೊತ್ತು ಅವಳು ಮಾರುವ ಮೊಹಿಂಗಾ, ಶಾವಿಗೆಯ ಮೇಲೆ ಸುರಿಯುವ ಮೀನಿನ ಸಾರು, ಅವನ ದಿನದ ಮೊದಲ ಊಟ. ಇವತ್ತು ಸಾರಿನಲ್ಲಿ ಮೀನು ಇತ್ತೋ ಇಲ್ಲಾ ಮೀನು ಈಜಾಡಿ ಎದ್ದುಹೋದ ನೀರಿತ್ತೋ ಎಂದು ಕೇಳಿದ. ಮೀನು ನಿನ್ನ ಮುಖ ನೋಡಿ ಓಡಿಹೋಯಿತು ಅಂದಳು ಅಕ್ಕ. ನಗುವಾಗ ಅವಳ ಬೆನ್ನು ಅಲುಗಿದ್ದು ಸೋ ಪೈಂಗನಿಗೆ ತಿಳಿಯಿತು. ಆಮೇಲೆ ಕೋ ಸಾನ್, ಚಿಕ್ಕವರು ಬರುವುದು ಯಾವಾಗ, ಥಾಯ್ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ಬೇರುಬಿಟ್ಟರೋ ಹೇಗೆ ಎಂದು ಕೇಳಿದ. ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ, ಇಬ್ಬರೂ ಬರಲಿ, ಅವಳಿಗೆ ನಮ್ಮ ಸಾರು ಕಲಿಸುತ್ತೇನೆ ಎಂದಳು. ಮೇಷ್ಟ್ರೇನು ಮಾತೇ ಆಡುತ್ತಿಲ್ಲ ಎಂದು ಕೋ ಸಾನ್ ಇವನ ಕಡೆ ತಿರುಗಿದ. ಮನೆಯ ಮುಂಗಟ್ಟೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಸೋ ಪೈಂಗನನ್ನು ಬೀದಿಯವರೆಲ್ಲ ಮೇಷ್ಟ್ರೆಂದೇ ಕರೆಯುತ್ತಿದ್ದರು. ಅವನು ರಂಗೂನಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದವನು ಎಂಬುದು ಅವರಿಗೆ ಗೌರವ, ಸ್ವಲ್ಪ ತಮಾಷೆ. ಅವನ ಪರವಾಗಿ ಅಕ್ಕನೇ ಉತ್ತರ ಕೊಟ್ಟಳು. "ಅವನು ಹುಟ್ಟಿದಾಗ್ಲೂ ಅಳ್ಲಿಲ್ಲ ಕಣೋ. ಸೂಲಗಿತ್ತಿ ಎರಡು ಏಟು ಹಾಕಿದ್ಮೇಲೆ ಬೇಜಾರು ಮಾಡ್ಕೊಂಡು ಒಂದ್ಸಲ ಕುಂಯ್ ಅಂದ."

ಒಂದು ಸಲ ಕುಂಯ್ ಅನ್ನುವುದು. ಅಷ್ಟು ಮಾಡಿದರೂ ಸಾಕಾಗಿತ್ತು. ನೈಂಗ್ ಎಂಬವನು ಬಂದ ದಿನ ಅವನು ಅದನ್ನೂ ಮಾಡಿರಲಿಲ್ಲ. ತಮ್ಮನಿದ್ದ ದೋಣಿಯಲ್ಲೇ ದುಡಿಯುತ್ತಿದ್ದವನು, ತೆಂಕಣದ ಯಾವುದೋ ಹಳ್ಳಿಯವನು, ವಿಳಾಸ ಹುಡುಕಿಕೊಂಡು ಬಂದು ಬೀದಿಯ ಮೂಲೆಯಲ್ಲಿ ಮೊದಲು ಸಿಕ್ಕಿದ್ದು ಸೋ ಪೈಂಗನಿಗೇ. ಅವನನ್ನು ಚಹದಂಗಡಿಗೆ ಕರೆದುಕೊಂಡು ಹೋಗಿ ತಗ್ಗು ಮಣೆಯ ಮೇಲೆ ಕೂರಿಸಿ, ಚಹ ತರಿಸಿ, ತಿನ್ನಲು ಏನು ಬೇಕೆಂದು ಕೇಳಿದ. ನೈಂಗ್ ಏನೂ ಬೇಡವೆಂದ, ಆದರೆ ತರಿಸಿದ ಮೇಲೆ ತಿಂದ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದ: ಬಲೆ ಎಳೆಯುವಾಗ ಹಗ್ಗ ಕಾಲಿಗೆ ಸುತ್ತಿಕೊಂಡಿತು, ಬಲೆಯ ಜೊತೆಗೇ ಹೋದ, ದೋಣಿ ನಿಲ್ಲಿಸಿ ಎಂದು ನಾವು ಕೂಗಿದೆವು, ನಿಲ್ಲಿಸಿದರು, ಆದರೆ ದೋಣಿ ನಿಲ್ಲುವುದಕ್ಕೆ ಹೊತ್ತು ಬೇಕಲ್ಲ. ಆಗ ಅವನು ಏನು ಹಾಕಿಕೊಂಡಿದ್ದ ಎಂದು ಸೋ ಪೈಂಗ್ ಕೇಳಿದ. ಯಾಕೆ ಕೇಳಿದನೋ. ನೈಂಗ್ ತಿನ್ನುವುದು ನಿಲ್ಲಿಸಿ, ನೆನಪಿಲ್ಲ ಅಣ್ಣ, ಅಂಗಿ ಇರಲಿಲ್ಲ ಅನ್ನಿಸುತ್ತೆ ಎಂದ. ಪಕ್ಕದ ಮೇಜಿನಲ್ಲಿ ಯಾರೋ ಚದುರಂಗದ ಕಾಯಿ ಸರಿಸಿ ಗೆದ್ದೆನೆಂದು ತೊಡೆ ತಟ್ಟಿಕೊಂಡರು. ಬಿಸಿ ಚಹದ ಮೇಲೆ ಹಾಲಿನ ಕೆನೆ ಸುಕ್ಕಾಗಿ ಒಂದು ಕಡೆಗೆ ಸರಿಯುತ್ತಿತ್ತು. ಅಕ್ಕನನ್ನು ನೋಡಿ ಹೇಳಿ ಹೋಗುತ್ತೇನೆ, ಅವನು ಯಾವಾಗಲೂ ಅಕ್ಕ ಅಕ್ಕ ಅನ್ನುತ್ತಿದ್ದ ಎಂದು ನೈಂಗ್ ಎದ್ದಾಗ ಸೋ ಪೈಂಗ್ ಅವನ ತೋಳು ಹಿಡಿದು, ಬೇಡ, ನಾನು ಹೇಳುತ್ತೇನೆ, ಅವಳಿಗೆ ಮೈ ಸರಿಯಿಲ್ಲ ಎಂದ. ಧ್ವನಿ ಎಷ್ಟು ತಣ್ಣಗಿತ್ತು ಎಂದರೆ ನೈಂಗ್ ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಓದಿದವರು, ನಿಮಗೇ ಗೊತ್ತು ಎಂದು ಬಸ್ಸು ಹಿಡಿಯಲು ಹೋದ.

ಆ ದಿನ ಹೇಳದೆ ಇದ್ದದ್ದು ಕರುಣೆ ಎಂದುಕೊಂಡಿದ್ದ. ಮರುದಿನವೂ ಕರುಣೆಯೇ. ಎಷ್ಟು ದಿನ ಕಳೆದ ಮೇಲೆ ಕರುಣೆ ಹೇಡಿತನವಾಗುತ್ತದೆ? ಹಾಲು ಒಡೆಯುವ ಗಳಿಗೆ ಯಾರಿಗೂ ಕಾಣುವುದಿಲ್ಲವಲ್ಲ. ಸತ್ತ ಏಳನೆಯ ದಿನ ಭಿಕ್ಷುಗಳಿಗೆ ಉಣಬಡಿಸಿ, ನೀರು ಹೊಯ್ದು, ಪುಣ್ಯದ ಪಾಲು ತೆಗೆದುಕೋ ಎಂದು ಸತ್ತವನ ಹೆಸರು ಹಿಡಿದು ಕರೆಯಬೇಕು. ಕರೆಯದಿದ್ದರೆ ಅವನಿಗೆ ತಾನು ಸತ್ತದ್ದು ತಿಳಿಯುವುದಿಲ್ಲ, ಮನೆಯ ಸೂರಿನ ಅಂಚಿನಲ್ಲಿ ಕೂತು, ಇವರು ಯಾಕೆ ನನಗೆ ಊಟ ಬಡಿಸುತ್ತಿಲ್ಲ ಎಂದು ನೋಡುತ್ತಿರುತ್ತಾನೆ. ತತ್ತ್ವಶಾಸ್ತ್ರ ಓದಿದವನು ಇದನ್ನೆಲ್ಲ ನಂಬುವುದಿಲ್ಲ. ನಂಬದೆಯೂ ಸೋ ಪೈಂಗ್ ಮಳೆಗಾಲವಿಡೀ ಜಗುಲಿಯ ಸೂರಿನ ಕಡೆ ತಲೆಯೆತ್ತದೆ ಓಡಾಡಿದ. ಅಕ್ಕ ಮಾತ್ರ ಸಂಜೆ ಅದೇ ಸೂರಿನಡಿ ನಿಂತು ಎದುರುಮನೆಯ ಫೋನು ಬಡಿದುಕೊಂಡರೆ ಕೇಳಿಸಲಿ ಎಂದು ಕಿವಿ ಕೊಡುತ್ತಿದ್ದಳು. ಬದುಕಿದವನೆಂದು ಅವಳು ಅವನಿಗೆ ಆಯುಸ್ಸು ಬೇಡುತ್ತಿದ್ದಳು. ಸತ್ತವನಿಗೆ ಬೇಕಾದದ್ದು ಆಯುಸ್ಸಲ್ಲ, ಒಂದು ಕರೆ. ಅದನ್ನು ಕೊಡಬಲ್ಲವನು ಬಾಯಿ ಮುಚ್ಚಿಕೊಂಡು ಅವಳ ಕೈಯಡುಗೆ ಉಣ್ಣುತ್ತಿದ್ದ.

ಪಗೋಡದ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಅಕ್ಕ ತನ್ನ ಚಪ್ಪಲಿಯ ಜೊತೆಗೆ ಅವನದನ್ನೂ ಎತ್ತಿ ಜೋಡಿಸಿಟ್ಟಳು, ಚಿಕ್ಕಂದಿನಲ್ಲಿ ಇಡುತ್ತಿದ್ದ ಹಾಗೆ. ಹೂವಿನವಳು ನೇರಳೆ ಮರದ ಚಿಗುರಿನ ಕಟ್ಟು ಮುಂದೆ ಹಿಡಿದು, ಗೆಲುವಾಗಲಿ ತಗೊಳ್ಳಿ ಅಕ್ಕ, ಮಗನಿಗೆ ಮದುವೆ ಕೂಡಿಬರಲಿ ಎಂದಳು. ಸೋ ಪೈಂಗನನ್ನು ಮಗನೆಂದು ತಿಳಿದಿದ್ದಳು. ಅಕ್ಕನಿಗೆ ಅಷ್ಟು ವಯಸ್ಸಾದಂತೆ ಕಾಣುತ್ತದೆಯೇ? ಕೆನ್ನೆಗೆ ತೇದು ಹಚ್ಚಿದ ತನಾಖಾ ತೊಗಟೆಯ ಹಳದಿ ಒಣಗಿ ಬಿರುಕುಬಿಟ್ಟು, ಕೆರೆಯ ತಳದ ಮಣ್ಣಿನಂತಾಗಿತ್ತು. ಈಗ ಹೇಳಿದರೆ ಈ ಹೂವಿನವಳ ಮುಂದೆ ಹೇಳಿದಂತಾಗುತ್ತದೆ. ಒಳಗೆ ಹೋಗಲಿ.

ಒಳಗೆ ಹೋದರೆ ಅವರು. ಒಂದೇ ಇಟ್ಟಿಗೆ ಕಂಬಕ್ಕೆ ಬೆನ್ನು ಕೊಟ್ಟು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೂತ ನಾಲ್ವರು ಬುದ್ಧರು. ಅವರ ಮೊಣಕಾಲಿನ ಎತ್ತರಕ್ಕೆ ತೆಂಗಿನ ಗರಿ ಬಾಗಿತ್ತು, ಕಿವಿಯ ಹಾಲೆಯ ಹಿಂದೆ ಪಾರಿವಾಳಗಳ ಸಂಸಾರ. ಚಿಕ್ಕವನಾಗಿದ್ದಾಗ ಇವರ ಮುಖ ನೋಡಲು ತಲೆ ಎಷ್ಟು ಹಿಂದಕ್ಕೆ ಬಾಗಿಸಬೇಕಾಗುತ್ತಿತ್ತೆಂದರೆ ಒಮ್ಮೆ ಅವನು ಅಂಗಾತ ಬಿದ್ದಿದ್ದ. ಆಗ ಅಕ್ಕನ ಸೊಂಟದ ಮೇಲೆ ಲಿನ್ ಯೌಂಗ್ ಇದ್ದ, ಅವಳು ಬಗ್ಗಿ ಎತ್ತಲಾರದೆ ಕಾಲಿನಿಂದ ಮೆಲ್ಲಗೆ ತಳ್ಳಿ, ಏಳೋ ಎಂದಿದ್ದಳು. ತಾಯಿ ಸತ್ತ ಮೇಲೆ ಅವಳಿಗಿದ್ದದ್ದು ಒಂದೇ ಸೊಂಟ. ಅದರ ಮೇಲೆ ಸಣ್ಣವನು ಕೂರುತ್ತಿದ್ದ. ದೊಡ್ಡವನು ಅವಳ ಲುಂಗಿಯ ಅಂಚು ಹಿಡಿದು ಹಿಂದೆ ನಡೆಯುತ್ತಿದ್ದ. ಅದು ನ್ಯಾಯವೇ ಆಗಿತ್ತು. ಅವನಿಗೆ ಕಾಲಿತ್ತಲ್ಲ. ನಾಲ್ವರು ಅಣ್ಣತಮ್ಮಂದಿರು ಯುಗಯುಗ ಒಂದೇ ಬೆನ್ನು ಹಂಚಿಕೊಂಡು ಕೂತೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂಬುದು ಅವನಿಗೆ ಈಗ ಮೊದಲ ಸಲ ಹೊಳೆದು, ಅದರಲ್ಲಿ ಏನೋ ಅರ್ಥವಿದೆ ಎಂದುಕೊಂಡು, ಅರ್ಥ ಹುಡುಕುವ ತನ್ನ ಚಟದ ಮೇಲೆಯೇ ಅಸಹ್ಯವಾಯಿತು. ತಮ್ಮ ಸತ್ತಿದ್ದಾನೆ, ಇವನಿಗೆ ಉಪಮೆ ಹೊಳೆಯುತ್ತಿದೆ. ಪಶ್ಚಿಮದ ಬುದ್ಧ ಹಿಂದೆ ಭೂಕಂಪದಲ್ಲಿ ಬಿದ್ದು ಮತ್ತೆ ಕಟ್ಟಿಸಿದ್ದು; ಅವನ ಮುಖದ ಸುಣ್ಣ ಉಳಿದವರಿಗಿಂತ ಬಿಳಿ, ತುಟಿಗಳು ಸ್ವಲ್ಪ ಹೆಚ್ಚೇ ಕೆಂಪು. ಸೋ ಪೈಂಗನಿಗೆ ಯಾವಾಗಲೂ ಆ ಮುಖ ಏನನ್ನೋ ನುಂಗಿಕೊಂಡು ಕೂತಂತೆ ಕಾಣುತ್ತಿತ್ತು.

ಅಕ್ಕ ಮೊದಲು ವಾರದ ಮೂಲೆಗಳಿಗೆ ನಡೆದಳು. ಹುಟ್ಟಿದ ವಾರಕ್ಕೊಂದು ಮೂಲೆ, ಮೂಲೆಗೊಂದು ಪುಟ್ಟ ಬುದ್ಧ, ಬುದ್ಧನ ಕೆಳಗೆ ಆ ವಾರದ ಪ್ರಾಣಿ. ಎಷ್ಟು ವಯಸ್ಸೋ ಅದಕ್ಕಿಂತ ಒಂದು ಬಟ್ಟಲು ಹೆಚ್ಚು ನೀರು ಹೊಯ್ದರೆ ಆಯುಸ್ಸು ಮುಂದಕ್ಕೆ ಹೋಗುತ್ತದೆ. ಲಿನ್ ಯೌಂಗನ ವಿಷಯದಲ್ಲಿ ಇದೂ ಸುಲಭವಲ್ಲ. ಬುಧವಾರ ನಡುಮಧ್ಯಾಹ್ನ ಹುಟ್ಟಿದವನು. ಬೆಳಗಿನ ಬುಧನಿಗೆ ದಂತವಿರುವ ಆನೆ, ಮಧ್ಯಾಹ್ನದ ಮೇಲೆ ರಾಹುವಿನ ದಂತವಿಲ್ಲದ ಆನೆ. ಸೂಲಗಿತ್ತಿ ಹನ್ನೆರಡು ಹೊಡೆದಿರಲಿಲ್ಲ ಎಂದಳು, ಅಪ್ಪ ಹೊಡೆದಾಗಿತ್ತು ಎಂದ, ಹೇಳಬೇಕಾದ ತಾಯಿ ಆಗಲೇ ಹೋಗಿದ್ದಳು. ಜೋಯಿಸರು ಜಾಣತನದಿಂದ ಹೆಸರಿನ ಮೊದಲ ಅಕ್ಷರ ಬೆಳಗಿನದು, ಎರಡನೆಯದು ಮಧ್ಯಾಹ್ನದ್ದು ಇಟ್ಟುಕೊಟ್ಟರು. ಅಂದಿನಿಂದ ಅಕ್ಕ ಎರಡೂ ಮೂಲೆಗೆ ನೀರು ಹೊಯ್ಯುತ್ತಾಳೆ, ಯಾವ ಆನೆಯೂ ಮುನಿಸಿಕೊಳ್ಳದಿರಲಿ ಎಂದು. ಸೋ ಪೈಂಗ್ ಶನಿವಾರದವನು. ಅವನ ಮೂಲೆ ಅದೇ ಸಾಲಿನ ಕೊನೆಗಿತ್ತು.

ಬಟ್ಟಲು ತುಂಬಿಕೊಂಡು ಅಕ್ಕ ತಡೆದಳು. "ಈಗ ಎಷ್ಟಾಯ್ತೋ ಅವನಿಗೆ? ಆಷಾಢದಲ್ಲಿ ಒಂದು ಕೂಡ್ತಲ್ಲ."

ಇಪ್ಪತ್ತಾರಕ್ಕೆ ನಿಂತಿದೆ ಅಕ್ಕ. ಇನ್ನು ಮುಂದೆ ಯಾವ ಆಷಾಢಕ್ಕೂ ಕೂಡುವುದಿಲ್ಲ. ಮಾತು ನಾಲಿಗೆಯ ಮೇಲೆ ಬಂದು, ಒದ್ದೆಯಾಗಿ, ಉಪ್ಪುಪ್ಪಾಗಿ ಕೂತಿತು. ಅವಳು ಬಟ್ಟಲು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು, ನೀರು ಅವಳ ಬೆರಳ ಸಂದಿನಿಂದ ತೊಟ್ಟಿಕ್ಕುತ್ತಿತ್ತು.

"ಇಪ್ಪತ್ತೇಳು" ಎಂದ.

ಅವಳು ಒಂದೊಂದೇ ಎಣಿಸಿ ಹೊಯ್ಯತೊಡಗಿದಳು. ಕಲ್ಲಿನ ಆನೆಯ ನೆತ್ತಿಯಿಂದ ನೀರು ಕಣ್ಣಿಗಿಳಿದು, ಕಣ್ಣಿನಿಂದ ಸೊಂಡಿಲಿಗಿಳಿದು ನೆಲಕ್ಕೆ ಹೋಗುತ್ತಿತ್ತು. ಪಕ್ಕದಲ್ಲಿ ಯಾರೋ ಹೆಂಗಸು ತನ್ನ ಮಗುವಿಗಾಗಿ ಎರಡೇ ಬಟ್ಟಲು ಹೊಯ್ದು ಎದ್ದುಹೋದಳು. ಇಪ್ಪತ್ತಾರರ ತನಕ ಸೋ ಪೈಂಗನ ತುಟಿಗಳು ಅವಳ ಜೊತೆಗೇ ಅಲುಗಿದವು. ಆಮೇಲೆ ಇಪ್ಪತ್ತೇಳು, ಅವನೇ ಕೈಯಾರೆ ಹುಟ್ಟಿಸಿದ ವರ್ಷ. ಅದರ ಮೇಲೆ ಇನ್ನೊಂದು, ಅವಳ ಆಸೆಯದು. ಎಲ್ಲ ಮುಗಿಸಿ ಅವಳು ಎರಡನೆಯ ಆನೆಯ ಕಡೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಸುಳ್ಳಿಗೂ ಎರಡು ಸಲ ನೀರು ಬಿತ್ತು. ಅವನ ಶನಿವಾರದ ಮೂಲೆಗೆ ಇವತ್ತು ಹೋಗಲು ಹೊತ್ತು ಸಿಗಲಿಲ್ಲ, ಅವನೂ ನೆನಪಿಸಲಿಲ್ಲ.

ಆಮೇಲೆ ಅವಳು ಲುಂಗಿಯ ಸೊಂಟದ ಗಂಟಿನಿಂದ ಚಿನ್ನದ ಹಾಳೆಯ ಪುಟ್ಟ ಪೊಟ್ಟಣ ತೆಗೆದು ಅವನ ಕೈಗಿಟ್ಟಳು. ಮೂರ್ತಿಯ ಪೀಠ ಹತ್ತುವುದು ಗಂಡಸರಿಗೆ ಮಾತ್ರ. ಹೆಂಗಸರು ಕೆಳಗೆ ಚಾಪೆಯ ಮೇಲೆ ಕೂತು, ತಮ್ಮ ಕಡೆಯ ಗಂಡಸು ಸರಿಯಾಗಿ ಅಂಟಿಸುತ್ತಾನೋ ಇಲ್ಲವೋ ನೋಡುತ್ತಿರಬೇಕು. ತಮ್ಮನ ಹೆಸರು ಹೇಳಿ ಅಂಟಿಸು, ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತರಕ್ಕೆ ಎಂದಳು. ಪಶ್ಚಿಮದ ಬುದ್ಧನ ಪಕ್ಕ ಬಿದಿರಿನ ಏಣಿ ಇತ್ತು. ಹತ್ತಿ ಬುದ್ಧನ ಮೊಣಕಾಲಿನ ಮೇಲೆ ನಿಂತಾಗ ಭೂಮಿಯನ್ನು ಮುಟ್ಟುವ ಆ ದೊಡ್ಡ ಕೈ ಅವನ ಪಕ್ಕದಲ್ಲೇ ಇಳಿಬಿದ್ದಿತ್ತು. ಒಂದು ಉಗುರು ಅವನ ಮುಖದಷ್ಟು. ಕೆಳಗೆ ಅಕ್ಕ ಚಾಪೆಯ ಮೇಲೆ ಅಂಗೈಯಷ್ಟಾಗಿ ಕಂಡಳು, ಬೈತಲೆಯ ನರೆ ಒಂದು ಗೆರೆಯಂತೆ. ಮೇಲೆ, ಇನ್ನೂ ಮೇಲೆ ಎಂದು ಕೈಸನ್ನೆ ಮಾಡುತ್ತಿದ್ದಳು. ಇಲ್ಲಿಂದ ಕೂಗಿ ಹೇಳಿಬಿಟ್ಟರೆ? ಎಲ್ಲರಿಗೂ ಕೇಳಿಸಲಿ. ಪಾರಿವಾಳಗಳು ಎದ್ದುಹೋಗಲಿ. ಅವಳ ಮುಖ ಇಲ್ಲಿಂದ ಕಾಣಿಸುವುದಿಲ್ಲ, ಅದೇ ಒಳ್ಳೆಯದು.

ಮುಖ. ಎಲ್ಲ ಸುತ್ತಿ ಬಂದು ನಿಲ್ಲುವುದು ಅಲ್ಲಿಗೇ ಎಂದು ಅವನಿಗೆ ಆ ಎತ್ತರದಲ್ಲಿ, ಇಟ್ಟಿಗೆಯ ಬಿಸಿ ಅಂಗಾಲಿಗೆ ಏರುತ್ತಿರುವಾಗ ತಿಳಿಯಿತು. ಅಕ್ಕ ನೊಂದುಕೊಳ್ಳುತ್ತಾಳೆ ಎಂದು ಅವನು ಹೆದರಿರಲಿಲ್ಲ. ನೋವು ಉಣ್ಣುವುದು ಅವಳಿಗೆ ಗೊತ್ತು. ಅವನು ಹೆದರಿದ್ದು ಮಾತು ಕೇಳಿದ ಮೊದಲ ಗಳಿಗೆಗೆ. ಅವಳು ತಲೆಯೆತ್ತಿ ಎದುರಿಗಿರುವವನನ್ನು ನೋಡುತ್ತಾಳೆ. ಹೋದವನು ಯಾರು, ಉಳಿದವನು ಯಾರು ಎಂದು ಅವಳ ಕಣ್ಣು ಒಮ್ಮೆ, ಅವಳಿಗೇ ತಿಳಿಯದ ಹಾಗೆ, ತೂಗಿ ನೋಡುತ್ತದೆ. ಆಮೇಲೆ ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ, ನೀನಾದರೂ ಇದ್ದೀಯಲ್ಲ ಅನ್ನುತ್ತಾಳೆ. ಆದರೆ ಆ ಒಂದು ನೋಟವನ್ನು ಅವನು ನೋಡಿಬಿಟ್ಟಿರುತ್ತಾನೆ. ಅದನ್ನು ತಪ್ಪಿಸಿಕೊಳ್ಳಲು ಒಬ್ಬನನ್ನು ಸೂರಿನಂಚಿನಲ್ಲಿ ಕೂರಿಸಿದ್ದ, ಇನ್ನೊಬ್ಬಳನ್ನು ಹಸಿವೆಗೆ ಕಳಿಸುತ್ತಿದ್ದ. ಹಾಗಿದ್ದರೆ ಇದು ಕರುಣೆಯೂ ಅಲ್ಲ, ಹೇಡಿತನವೂ ಅಲ್ಲ. ಇದಕ್ಕೆ ಬೇರೆ ಹೆಸರಿರಬೇಕು. ಓದಿದವನಿಗೆ ಹೆಸರು ಸಿಗಲಿಲ್ಲ. ಪೊಟ್ಟಣ ಬಿಡಿಸಿ ಹಾಳೆಯನ್ನು ಬುದ್ಧನ ಮುಂಗೈಗೆ ಒತ್ತಿದ. ಕೈ ತೆಗೆದಾಗ ಅಲ್ಲಿ ಒಂದು ಚೂರು ಮಾತ್ರ ಉಳಿದಿತ್ತು, ಮಿಕ್ಕದ್ದು ಬೆವರಿದ ಹೆಬ್ಬೆರಳಿಗೇ ಅಂಟಿಕೊಂಡಿತ್ತು. ತಿಕ್ಕಿದಷ್ಟೂ ಚರ್ಮದ ಗೆರೆಗಳೊಳಗೆ ಇಳಿಯಿತು. ಹೆಸರು ಹೇಳುವುದನ್ನು ಮರೆತಿದ್ದ.

ಇಳಿದು ಬಂದಾಗ ಅಕ್ಕ ಅವನ ಕೈ ಹಿಡಿದು ನೋಡಿದಳು. "ಬೆರಳಿಗೇ ಬಳ್ಕೊಂಡು ಬಂದ್ಯಲ್ಲೋ. ಲಿನ್ ಯೌಂಗ್ ಆಗಿದ್ರೆ ಹೆಗಲ ಮೇಲೆ ಕೂತು ಅಂಟಿಸ್ಕೊಂಡು ಬರ್ತಿದ್ದ." ಹೇಳಿ ನಕ್ಕಳು. ಬೈದದ್ದಲ್ಲ. ಮಂಗನಂತೆ ಮರ ಹತ್ತುವ ತಮ್ಮ ಅವಳ ಕಣ್ಣ ಮುಂದೆ ಬಂದಿದ್ದ, ಅಷ್ಟೇ. ತನ್ನ ಲುಂಗಿಯ ಅಂಚಿನಿಂದ ಅವನ ಹೆಬ್ಬೆರಳನ್ನು ಒರೆಸಲು ನೋಡಿದಳು, ಹೋಗಲಿಲ್ಲ. ಇರಲಿ, ನಿನಗೂ ಸ್ವಲ್ಪ ಪುಣ್ಯ ಬರಲಿ ಎಂದಳು.

ಉತ್ತರದ ಬುದ್ಧನ ನೆರಳಿನಲ್ಲಿ ಉ ಸಾನ್ ಪೆ ಕೂತಿದ್ದರು. ಭಕ್ತರಿಗೆ ಶೀಲ ಹೇಳಿಕೊಡುವ, ವ್ರತ ಹಿಡಿಸುವ ಮುದುಕರು. ಪಗೋಡಕ್ಕೆ ಬರುವವರೆಲ್ಲ ಅವರನ್ನು ತಾತ ಎನ್ನುತ್ತಿದ್ದರು. ಎಲೆ ಅಡಿಕೆ ಜಗಿದು ಕೆಂಪಾದ ಬಾಯಿ, ಒಂದು ಕಣ್ಣಿಗೆ ಪೊರೆ. ಅಕ್ಕ ಕಾಲು ಮಡಿಸಿ ಕೂತು ನಮಸ್ಕರಿಸಿ ತನ್ನ ಸಂಕಲ್ಪ ಹೇಳಿದಳು. ಅವರು ಕೇಳಿಕೊಂಡು, ಒಳ್ಳೆಯದಮ್ಮ, ಎಷ್ಟು ದಿನ ಎಂದರು. ತಮ್ಮ ಬರುವ ತನಕ ಎಂದಳು ಅಕ್ಕ. ಮುದುಕರು ಜಗಿಯುವುದನ್ನು ನಿಲ್ಲಿಸಿದರು.

"ಹಾಗೆಲ್ಲ ಹಿಡೀಬಾರ್ದು ಮಗಳೇ. ಒಂಬತ್ತು ದಿನ ಅನ್ನು. ತಿಂಗಳು ಅನ್ನು. ಅವಧಿ ಇಲ್ದೆ ವ್ರತ ಹಿಡಿದ್ರೆ ಬಾಗ್ಲಿಲ್ದೆ ಮನೆ ಕಟ್ಕೊಂಡ ಹಾಗೆ."

"ಅವಧಿ ಹಾಕಿದ್ರೆ ಅವನು ಅವಧಿ ಮುಗಿದ್ಮೇಲೆ ಬಂದ್ರೆ ಏನ್ಮಾಡ್ಲಿ ತಾತ?"

ತಾತ ಹೇಳಿದರು, ಮುಗಿದ ಮೇಲೆ ಮತ್ತೆ ಹಿಡಿ, ಯಾರು ಬೇಡ ಅಂದರು. ಬದುಕಿರುವವರಿಗೋಸ್ಕರ ಹಿಡಿದ ವ್ರತಕ್ಕೂ ಉಸಿರಾಡಲು ಜಾಗ ಬೇಕು. ಅಕ್ಕ ತಲೆ ತಗ್ಗಿಸಿ ಕೂತಳು. ಅವಳ ಬೆರಳುಗಳು ಚಾಪೆಯ ಒಂದು ಎಳೆಯನ್ನು ಬಿಡಿಸುತ್ತಿದ್ದವು. ಕೊನೆಗೆ ತಾತ ಪೊರೆ ಬಂದ ಕಣ್ಣನ್ನೂ ಚೆನ್ನಾಗಿರುವ ಕಣ್ಣನ್ನೂ ಒಟ್ಟಿಗೆ ಸೋ ಪೈಂಗನ ಕಡೆ ತಿರುಗಿಸಿದರು.

"ನೀವು ಓದಿದವ್ರು ಮೇಷ್ಟ್ರೇ. ಮನೆ ಗಂಡಸು. ನೀವೇ ಒಂದ್ಮಾತು ಹೇಳಿ."

ಅಕ್ಕನೂ ಅವನ ಕಡೆ ನೋಡಿದಳು. "ಹೇಳೋ. ನೀನು ಎಷ್ಟು ದಿನ ಅಂತೀಯೋ ಅಷ್ಟೇ ದಿನ. ನಿನ್ನ ಮಾತಿಗೆ ಆಚೆ ಹೋಗಲ್ಲ."

ಇಷ್ಟು ದೊಡ್ಡ ಬಾಗಿಲು ತನ್ನ ಮುಂದೆ ಹೀಗೆ ತಾನಾಗಿ ತೆರೆಯುತ್ತದೆ ಎಂದು ಅವನು ಎಣಿಸಿರಲಿಲ್ಲ. ಸತ್ಯ ಹೇಳಬೇಕಾಗಿಯೂ ಇರಲಿಲ್ಲ. ಒಂಬತ್ತು ದಿನ ಅಂದರೆ ಸಾಕು, ಅವಳು ಹತ್ತನೆಯ ದಿನ ರಾತ್ರಿ ಊಟಕ್ಕೆ ಕೂರುತ್ತಾಳೆ. ಒಂದು ಪದ. ಆದರೆ ಒಂಬತ್ತು ದಿನ ಅನ್ನಬೇಕಾದರೆ ಹತ್ತನೆಯ ದಿನ ತಮ್ಮ ಬರದಿರುವುದು ತನಗೆ ಗೊತ್ತಿದೆ ಎಂದು ಒಳಗೊಳಗೇ ಒಪ್ಪಿಕೊಂಡಂತಾಗುತ್ತದೆ. ಯಾಕೋ ಅಷ್ಟೇ ಅಂತೀಯ, ಅವನು ಬರಲ್ವಾ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಕೇಳಿದಾಗ ಅವಳ ಕಣ್ಣು ಇಷ್ಟು ಹತ್ತಿರದಲ್ಲಿರುತ್ತದೆ. ತಾತ ಕಾಯುತ್ತಿದ್ದರು. ಹಿಂದಿನಿಂದ ಯಾರೋ ಬೇಗ ಆಗಲಿ ಎಂಬಂತೆ ಕೆಮ್ಮಿದರು. ಸೋ ಪೈಂಗ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಅಕ್ಕನ ಮನಸ್ಸಿಗೆ ಹೇಗೆ ಬರುತ್ತೋ ಹಾಗೆ" ಎಂದ.

ಮುದುಕರು ಅವನನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಮುಖದಲ್ಲಿ ತಿರಸ್ಕಾರವೇನೂ ಇರಲಿಲ್ಲ. ಬಾವಿಗೆ ಬಿಟ್ಟ ಬಿಂದಿಗೆ ಖಾಲಿ ಮೇಲೆ ಬಂದರೆ ಮನುಷ್ಯ ನೋಡುವ ಹಾಗೆ ನೋಡಿ, ಅಕ್ಕನ ಕಡೆ ತಿರುಗಿ ಕೈ ಮುಗಿ ಎಂದರು. ಅಕ್ಕನ ಮುಖ ಮಾತ್ರ ಅರಳಿತು. ತಮ್ಮ ತನ್ನ ಪರ ನಿಂತ ಎಂದು ತಿಳಿದಳು. ಅವಳು ಉತ್ತರದ ಬುದ್ಧನ ಎತ್ತರದ ಮುಖಕ್ಕೆ ತನ್ನ ಮುಖ ಎತ್ತಿ, ಗಟ್ಟಿಯಾಗಿ, ಮೊಹಿಂಗಾ ಮಾರುವಾಗಿನ ಅದೇ ಬೀದಿಯ ಧ್ವನಿಯಲ್ಲಿ ಹೇಳಿದಳು: ನನ್ನ ತಮ್ಮ ಲಿನ್ ಯೌಂಗ್ ಮನೆಯ ಹೊಸ್ತಿಲು ತುಳಿಯುವ ತನಕ ನಾನು ಮಧ್ಯಾಹ್ನದ ಮೇಲೆ ಅನ್ನ ಮುಟ್ಟುವುದಿಲ್ಲ, ಹಣ್ಣು ಮುಟ್ಟುವುದಿಲ್ಲ, ತಲೆಗೆ ಹೂ ಮುಡಿಯುವುದಿಲ್ಲ. ಹೂವಿನ ಮಾತು ಆ ಗಳಿಗೆಯಲ್ಲಿ ಸೇರಿಸಿದ್ದು. ಅದು ಮೊದಲು ಇರಲಿಲ್ಲ. ಸುತ್ತ ಕೂತ ಅಪರಿಚಿತರೆಲ್ಲ ಒಟ್ಟಿಗೆ ಸಾಧು, ಸಾಧು, ಸಾಧು ಎಂದರು. ಸೋ ಪೈಂಗನ ಬಾಯಿಂದಲೂ ಆ ಮಾತು ಬಂತು, ಎಲ್ಲರ ಜೊತೆ ಸೇರಿದ್ದರಿಂದ ಸಲೀಸಾಗಿ ಬಂತು.

ಹೊರಡುವ ಮೊದಲು ಅವಳು ಮರದ ದಿಮ್ಮಿ ಎತ್ತಿ ದೊಡ್ಡ ಗಂಟೆ ಬಾರಿಸಿದಳು. ಈ ಪುಣ್ಯದ ಪಾಲನ್ನು ಸಕಲ ಜೀವಿಗಳೂ ತೆಗೆದುಕೊಳ್ಳಲಿ. ಸಕಲ ಜೀವಿಗಳಲ್ಲಿ ಲಿನ್ ಯೌಂಗನೂ ಸೇರಿದ್ದಾನಲ್ಲ ಎಂದು ಸೋ ಪೈಂಗ್ ಒಂದು ಕ್ಷಣ ಆಸೆಪಟ್ಟ. ಹೆಸರು ಹಿಡಿದು ಕರೆಯದಿದ್ದರೂ ಗುಂಪಿನಲ್ಲಿ ಅವನಿಗೂ ಒಂದು ತುತ್ತು ಸಿಕ್ಕೀತು. ಗಂಟೆಯ ನಾದ ನಾಲ್ಕು ಬೆನ್ನುಗಳ ಸುತ್ತ ತಿರುಗಿ, ಗೋಡೆಯ ಆಚೆಯ ಗದ್ದೆಗಳ ಮೇಲೆ ಹೋಗಿ, ಅಲ್ಲೇ ಎಲ್ಲೋ ಕೆಸರಿನಲ್ಲಿ ಇಳಿಯಿತು. ಸಮುದ್ರ ಇಲ್ಲಿಂದ ಬಹಳ ದೂರ. ತನ್ನ ಬಾಯಿ ಮಾಡಬೇಕಾದ ಕೆಲಸವನ್ನು ಕಂಚಿನ ತಲೆಗೆ ಹೊರಿಸುತ್ತಿದ್ದೇನೆ ಎಂದುಕೊಂಡ. ಇಷ್ಟು ಚೆನ್ನಾಗಿ ಅಂದುಕೊಳ್ಳಬಲ್ಲವನು, ಇಷ್ಟು ಸ್ಪಷ್ಟವಾಗಿ ತನ್ನನ್ನು ತಾನು ನೋಡಿಕೊಳ್ಳಬಲ್ಲವನು, ಏನನ್ನೂ ಮಾಡುವುದಿಲ್ಲ ಎಂಬುದು ಅವನಿಗೆ ಹೊಸದಾಗಿರಲಿಲ್ಲ. ಅದಕ್ಕೆ ಇಂದು ಇನ್ನೊಬ್ಬರ ಹೊಟ್ಟೆ ಬೆಲೆ ಕೊಡುತ್ತದೆ ಎಂಬುದು ಹೊಸದು.

ಮನೆ ಸೇರುವಾಗ ಹೊತ್ತು ನೆತ್ತಿ ದಾಟಿತ್ತು. ಪಗೋಡದಲ್ಲಿ ತಡವಾದ್ದರಿಂದ ಅವಳ ಆ ದಿನದ ಒಂದು ಊಟವೂ ತಪ್ಪಿತ್ತು. ಅದನ್ನು ಅವಳು ಗಮನಿಸಿದಂತೆ ಕಾಣಲಿಲ್ಲ, ಇಲ್ಲವೇ ಗಮನಿಸಿ ಸುಮ್ಮನಿದ್ದಳು. ಅವನಿಗೆ ಅನ್ನ ಬಡಿಸಿ, ಹುಳಿಸೊಪ್ಪಿನ ಸಾರು ಹಾಕಿ, ಎದುರು ಕೂತು ಬೀಸಣಿಗೆಯಿಂದ ನೊಣ ಓಡಿಸಿದಳು. ನೀನು ಸರಿಯಾದ ಮಾತೇ ಹೇಳಿದೆ, ತಾತನಿಗೆ ಹೆದರಿ ನಾನು ಒಂಬತ್ತು ದಿನ ಅಂದುಬಿಡುತ್ತಿದ್ದೆ ಎಂದಳು. ಅವನು ತುತ್ತು ನುಂಗಿ ತಲೆಯಾಡಿಸಿದ. ಇನ್ನೂ ಸ್ವಲ್ಪ ಹಾಕಿಕೋ ಎಂದಳು, ಹಾಕಿಕೊಂಡ.

ಆ ವರ್ಷದ ಚಳಿ ಕಳೆಯಿತು, ನೀರಿನ ಹಬ್ಬ ಕಳೆಯಿತು, ಇನ್ನೊಂದು ಮಳೆಗಾಲ ಬಂತು. ಅಕ್ಕನ ಹೊಟ್ಟೆನೋವು ಹೆಚ್ಚಾಗಿ ಮೊಹಿಂಗಾದ ಗಡಿಗೆ ಎತ್ತಲಾರದೆ ಸ್ಟೇಷನ್ನಿನ ಎದುರಿನ ಜಾಗ ಬೇರೆಯವರ ಪಾಲಾಯಿತು. ಡಾಕ್ಟರು ಬೈದರು, ಬೀದಿಯವರು ಬುದ್ಧಿ ಹೇಳಿದರು, ಕೋ ಸಾನ್ ಕೂಡ ತಮಾಷೆ ಬಿಟ್ಟು ಒಮ್ಮೆ ಕೈಮುಗಿದು ಬೇಡಿಕೊಂಡ. ವ್ರತ ಅಲ್ವಾ ಎಂದು ಅವಳು ನಕ್ಕಳು. ದಿನವೂ ಸಂಜೆ ಇಬ್ಬರ ಪಾಲಿನದನ್ನು ಒಬ್ಬನಿಗೆ ಬಡಿಸಿ, ಅವನು ಉಂಡು ಏಳುವ ತನಕ ಎದುರು ಕೂತಿರುತ್ತಿದ್ದಳು. ಹಾಗೆ ಕೂತವಳ ಮುಖ ಅವನ ತಟ್ಟೆಗಿಂತ ಸ್ವಲ್ಪ ಮೇಲೆ, ಕೈ ನೀಡಿದರೆ ಸಿಗುವಷ್ಟು ಹತ್ತಿರದಲ್ಲಿ ಇರುತ್ತಿತ್ತು. ಲಿನ್ ಯೌಂಗ್ ಸಮುದ್ರದಲ್ಲಿ ಸತ್ತುಹೋದ ಎಂದು ಸೋ ಪೈಂಗ್ ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.